ಸೂಜಿಯಕ್ಕ ಮುಚ್ಚದೆ ಬಿಟ್ಟ ಕೆರೆ

ನಗರದ ನೂರೈವತ್ತು ವರ್ಷಗಳ ಇತಿಹಾಸವೆಂದು ಅಚ್ಚಾದ ಆ ದಪ್ಪ ಪುಸ್ತಕದಲ್ಲಿ ಸೂಜಿಯಕ್ಕ ಓದಿದ್ದು ನಾಲ್ಕೇ ಪುಟ. ಐದನೆಯ ಪುಟದ ಮೊದಲ ಸಾಲಿನಲ್ಲಿ 'ನಗರವು ನಾಲ್ಕೂ ದಿಕ್ಕಿಗೆ ಸಹಜವಾಗಿ ಬೆಳೆಯಿತು' ಎಂದಿತ್ತು. ಅವಳು ಕನ್ನಡಕ ತೆಗೆದು, ಪುಸ್ತಕ ಮುಚ್ಚಿ, ಗಾಳಿಗೆ ಪಟಪಟನೆ ಬಡಿದುಕೊಳ್ಳುತ್ತಿದ್ದ ಅಡುಗೆಮನೆಯ ಬಾಗಿಲಿಗೆ ಅದನ್ನು ಆನಿಸಿಟ್ಟಳು. ಬಾಗಿಲು ಸುಮ್ಮನಾಯಿತು. ಅಷ್ಟಕ್ಕಾದರೂ ಬಂತಲ್ಲ ಅಂದುಕೊಂಡಳು. ಸಹಜವಾಗಿ ಬೆಳೆಯಲು ಅದೇನು ಕುಂಬಳದ ಬಳ್ಳಿಯೇ? ಬೆಳೆಯಲಿಲ್ಲ, ಬೆಳೆಸಿದರು. ಯಾರು, ಯಾವ ವರ್ಷ, ಯಾವ ಮೇಜಿನ ಮೇಲೆ, ಯಾವ ಬಣ್ಣದ ಮಸಿಯಲ್ಲಿ ಬೆಳೆಸಿದರು ಎಂಬುದನ್ನು ಅವಳು ನಿದ್ದೆಗಣ್ಣಿನಲ್ಲೂ ಹೇಳಬಲ್ಲಳು. ಮಸಿ ಹಿಡಿದ ಕೈ ಅವಳದೇ.

ಪುಸ್ತಕ ತಂದ ಅಂಚೆಯವನೇ ಇನ್ನೊಂದು ಲಕೋಟೆಯನ್ನೂ ಕೊಟ್ಟು ಹೋಗಿದ್ದ. ಅದು ವಿಚಾರಣಾ ಆಯೋಗದ್ದು. ಕಳೆದ ಮಳೆಗಾಲದಲ್ಲಿ ನಗರದ ಪೂರ್ವದ ಅಂಚಿನ ಬಡಾವಣೆಯೊಂದು ಒಂದೇ ಬೆಳಿಗ್ಗೆಯಲ್ಲಿ ಮುಳುಗಿ ಹನ್ನೊಂದು ಜನ ಸತ್ತಿದ್ದರು. ಆ ಹನ್ನೊಂದರಲ್ಲಿ ಒಬ್ಬ ಅವಳ ತಂಗಿಯ ಗಂಡ. ನೀರು ಅಲ್ಲಿಗೇ ಏಕೆ ಬಂತು, ಬಂದದ್ದು ಏಕೆ ಹೋಗಲಿಲ್ಲ ಎಂದು ವಿಚಾರಿಸಲು ಸರ್ಕಾರ ನಿವೃತ್ತ ನ್ಯಾಯಮೂರ್ತಿಯೊಬ್ಬರನ್ನು ನೇಮಿಸಿತ್ತು. ಲಕೋಟೆಯ ಕಾಗದ ಹೇಳುತ್ತಿದ್ದುದು ಇಷ್ಟು: ಆ ಜಾಗದಲ್ಲಿ ಹಿಂದೆ ಕೆರೆ ಇತ್ತೆಂದು ಕೆಲವರು ಹೇಳುತ್ತಿದ್ದಾರೆ, ನಕ್ಷೆ ಕಚೇರಿಯ ನಲವತ್ತೊಂದನೇ ಹಾಳೆಯಲ್ಲಿ ಕೆರೆ ಇಲ್ಲ, ಹಾಳೆ ಬರೆದವರು ತಾವು, ಬಂದು ಹೇಳಿಕೆ ಕೊಡತಕ್ಕದ್ದು. ಇಲಾಖೆ ತನ್ನ ವಿವರಣೆಯನ್ನು ಮೊದಲೇ ಸಲ್ಲಿಸಿತ್ತು. ಅದನ್ನೂ ಕೆಳಗೆ ಕಾಣಿಸಿದ್ದರು: 'ಬಹುಶಃ ಟ್ರೇಸರ್‌ರವರ ಕಣ್ತಪ್ಪು.'

ಕಣ್ತಪ್ಪು. ಆ ಪದ ಓದಿ ಅವಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಮೂವತ್ತೊಂಬತ್ತು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತವಳ ಕಣ್ಣು ತಪ್ಪಿದ್ದು ಎಲ್ಲಿ? ಊರೆಲ್ಲ ಸೇರಿ ಒಂದು ಕೆರೆ ನುಂಗಿ ನೀರು ಕುಡಿದು, ಕೊನೆಗೆ ಬಾಯಿ ಒರೆಸಲು ಅವಳ ಸೆರಗೇ ಬೇಕಾಯಿತೇ? ಆದರೆ ಆ ಉರಿಯ ಅಡಿಯಲ್ಲಿ ಇನ್ನೊಂದು ಉರಿಯಿತ್ತು. ಅದು ಇಪ್ಪತ್ತೈದು ವರ್ಷ ಹಳೆಯದು, ಅವಳಿಗೊಬ್ಬಳಿಗೇ ಗೊತ್ತಿದ್ದದ್ದು. ಅದರ ಮಾತು ಮುಂದೆ ಬರುತ್ತದೆ.

ಅವಳ ಅಪ್ಪ ಭೂಮಾಪನದಲ್ಲಿ ಸರಪಳಿ ಎಳೆಯುವ ಆಳು. ಅಳತೆಯ ಕಬ್ಬಿಣದ ಸರಪಳಿಯ ಒಂದು ತುದಿ ಹಿಡಿದು, ಸಾಹೇಬ ತೋರಿಸಿದ ಕಡೆ ಮುಳ್ಳೋ ಕೆಸರೋ ನೋಡದೆ ನಡೆಯುವುದು ಅವನ ಕೆಲಸ. ಆಗಿನ್ನೂ ರಾಜ್ಯ ಕೂಡಿದ್ದು ಹೊಸದು. ನಾಲ್ಕು ಕಡೆಯ ನಾಲ್ಕು ಆಡಳಿತಗಳ ನೆಲವನ್ನು ಸೇರಿಸಿ ಒಂದು ರಾಜ್ಯವೆಂದು ಸಾರಿದ್ದರು; ಬಾವುಟ ಏರಿಸಿದರು, ಭಾಷಣ ಮಾಡಿದರು. ಆದರೆ ನಾಲ್ಕು ಕಡೆಯ ನಕ್ಷೆಗಳನ್ನು ಮೇಜಿನ ಮೇಲೆ ಅಂಚಿಗೆ ಅಂಚು ಜೋಡಿಸಿದರೆ ಒಂದಕ್ಕೊಂದು ಕೂಡುತ್ತಿರಲಿಲ್ಲ. ಈ ಹಾಳೆಯಲ್ಲಿ ಬಂದ ನದಿ ಆ ಹಾಳೆಯಲ್ಲಿ ಎರಡು ಬೆರಳು ಕೆಳಗೆ ಮುಂದುವರಿಯುತ್ತಿತ್ತು. ಭಾಷಣ ಮಾಡಿದವರು ಮನೆಗೆ ಹೋಗಿ ಮಲಗಿದರು. ನದಿಯನ್ನು ನದಿಗೆ ಸೇರಿಸಲು ಅಪ್ಪನಂಥ ಆಳುಗಳು ಹನ್ನೊಂದು ವರ್ಷ ಸರಪಳಿ ಎಳೆದರು. ಅಪ್ಪ ಮನೆಗೆ ಬಂದಾಗ ಹಿಮ್ಮಡಿಯ ಬಿರುಕಿನಲ್ಲಿ ಯಾವ್ಯಾವುದೋ ಜಿಲ್ಲೆಯ ಮಣ್ಣು ಇರುತ್ತಿತ್ತು.

ಹೆಣ್ಣುಮಕ್ಕಳಿಬ್ಬರಿಗೂ ಅವನು ಹೇಳುತ್ತಿದ್ದುದು ರಾಜರ ಕಥೆಯಲ್ಲ, ಅಳತೆಯ ಕಥೆ. ಅದರಲ್ಲಿ ಒಂದನ್ನು ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಿದ್ದರು. ಊರಾಚೆ ಒಂದು ಕೆರೆ. ಅದರ ದಂಡೆ ಅಳೆಯಲು ಅಪ್ಪ ಎರಡು ದಿನ ಸುತ್ತು ನಡೆದ. ನೆಟ್ಟಗೆ ಹೋಗುವ ಮಾತೇ ಇಲ್ಲ, ಹತ್ತು ಸರಪಳಿಗೊಂದು ತಿರುವು. ಒಟ್ಟು ಹದಿನೇಳು ತಿರುವು. ಹನ್ನೆರಡನೆಯದರಲ್ಲಿ ಅಪ್ಪ ಸೊಂಟದವರೆಗೆ ಹೂತುಹೋದ, ಸರಪಳಿ ಹಿಡಿದೇ ಎಳೆದು ಮೇಲೆತ್ತಿದರು. ತಂಗಿ ಚಿಕ್ಕವಳು, ಬೆರಳು ಮಡಚುತ್ತ ತಿರುವು ಎಣಿಸುತ್ತಿದ್ದಳು. ಹತ್ತಾದ ಮೇಲೆ ಅಕ್ಕನ ಬೆರಳು ಸಾಲ ತೆಗೆದುಕೊಳ್ಳುತ್ತಿದ್ದಳು.

ಅಪ್ಪ ಜ್ವರದಲ್ಲಿ ಹೋದ. ಅನುಕಂಪದ ಮೇಲೆ ಅಕ್ಕನಿಗೆ ಹತ್ತೊಂಬತ್ತನೇ ವಯಸ್ಸಿನಲ್ಲಿ ನಕ್ಷೆ ಕಚೇರಿಯಲ್ಲಿ ಕೆಲಸವಾಯಿತು. ಹೆಣ್ಣು ಸರಪಳಿ ಎಳೆಯಲಾದೀತೇ ಎಂದು ನಕ್ಕು ಅವಳನ್ನು ಟ್ರೇಸರುಗಳ ಕೋಣೆಗೆ ಹಾಕಿದರು. ಉದ್ದನೆಯ ಕೋಣೆ, ಉತ್ತರಕ್ಕೆ ಆರು ದೊಡ್ಡ ಕಿಟಕಿ, ಒಂದೊಂದು ಕಿಟಕಿಗೂ ಒಂದು ಓರೆ ಮೇಜು. ಹಳೆಯ ನಕ್ಷೆಗಳನ್ನು ಹೊಸ ಹಾಳೆಗೆ ಇಳಿಸುವುದು ಕೆಲಸ. ಹಳೆಯವು ಬಟ್ಟೆಗೆ ಅಂಟಿಸಿದ ದಪ್ಪ ಕಾಗದ, ಅದರೊಳಗಿಂದ ಏನೂ ಕಾಣದು. ಹಾಗಾಗಿ ಹಳೆಯದನ್ನು ಹೊಸದರ ಮೇಲೆ ಹಾಸಿ, ಪ್ರತಿ ಮೂಲೆ, ಪ್ರತಿ ತಿರುವಿಗೂ ಸೂಜಿ ಚುಚ್ಚಬೇಕು. ಆಮೇಲೆ ಮೇಲಿನದನ್ನು ಎತ್ತಿ, ಕೆಳಗಿನ ತೂತುಗಳನ್ನು ಪೆನ್ಸಿಲಿನಲ್ಲಿ ಸೇರಿಸಿ, ಮಸಿ ಎಳೆಯಬೇಕು. ಮಸಿ ತುಂಬಿದ ಮೇಲೆ ತೂತು ಮುಚ್ಚಿಹೋಗುತ್ತದೆ. ತಪ್ಪಿ ಚುಚ್ಚಿದ ತೂತಿದ್ದರೆ ಹಿಂದಿನಿಂದ ಉಗುರಿನಲ್ಲಿ ತೀಡಿ ಮುಚ್ಚಬೇಕು.

ಇದನ್ನು ಕಲಿಸಿದವರು ಮಸಿ ಮೇಷ್ಟ್ರು. ಅಂಗೈ ಗೆರೆಯಲ್ಲೂ ಮಸಿ ಇಳಿದಿದ್ದ ಮುದುಕರು. ಅವರ ಕಟ್ಟಳೆ ಒಂದೇ, ಮೊದಲು ನೀರು ಚುಚ್ಚಬೇಕು, ಆಮೇಲೆ ದಾರಿ, ಕೊನೆಗೆ ಮನೆ. "ಮನೆ ನಾಳೆ ಬೀಳುತ್ತೆ, ದಾರಿನ ಯಾವನೋ ತಿರುಗಿಸ್ತಾನೆ. ನೀರಿಗೆ ಮಾತ್ರ ತನ್ನ ಜಾಗ ಗೊತ್ತು ಕಣಮ್ಮ. ಅದನ್ನ ಮೊದಲು ಕೂರಿಸು" ಅನ್ನುತ್ತಿದ್ದರು. ಅವಳು ಚುಚ್ಚಿದ ತೂತು ಕಣ್ಣಿಗೇ ಕಾಣದಷ್ಟು ಸಣ್ಣಗಿರುತ್ತಿತ್ತು. ಸೂಜಿಯಕ್ಕ ಎಂಬ ಹೆಸರು ಆ ಕೋಣೆಯಲ್ಲೇ ಬಂತು. ಬಾಯಿಯೂ ಸೂಜಿಯೇ ಆಗಿದ್ದರಿಂದ ಹೆಸರು ನಿಂತುಬಿಟ್ಟಿತು.

ಅವಳು ಸೇರಿದಾಗ ಇಡೀ ನಗರ ಆರು ಹಾಳೆ. ನಿವೃತ್ತಳಾಗುವಾಗ ತೊಂಬತ್ತಾರು. ನಗರದ ಗಡಿಯೆಂದರೆ ಒಂದು ಕೆಂಪು ಗೆರೆ, ಒಂದು ಅಡ್ಡಗೆರೆ ಒಂದು ಚುಕ್ಕೆ, ಒಂದು ಅಡ್ಡಗೆರೆ ಒಂದು ಚುಕ್ಕೆ. ಆ ಗೆರೆಯನ್ನು ಅವಳು ಮೂರು ಸಲ ಹೊರಗೆ ಸರಿಸಿ ಎಳೆದಳು. ಮೊದಲ ಸಲ ಗಿರಣಿಗಳು ಬಂದಾಗ, ಎರಡನೆಯ ಸಲ ಹೊರವರ್ತುಲ ರಸ್ತೆ ಬಂದಾಗ, ಮೂರನೆಯ ಸಲ ಯಾಕೆಂದು ಯಾರಿಗೂ ಗೊತ್ತಿಲ್ಲ, ಚುನಾವಣೆ ಹತ್ತಿರವಿತ್ತು. ಗೆರೆಯ ಒಳಗೆ ಬಿದ್ದ ಹಳ್ಳಿಯವನು ಬೆಳಿಗ್ಗೆ ಏಳುವಷ್ಟರಲ್ಲಿ ನಗರದವನಾಗಿರುತ್ತಿದ್ದ. ಕಂದಾಯದ ಚೀಟಿ ಅದೇ ವಾರ ಬರುತ್ತಿತ್ತು, ನಲ್ಲಿ ಬರಲು ಮಾತ್ರ ಹದಿನೈದು ವರ್ಷ. ಹಳ್ಳಿಗಳ ಹೆಸರನ್ನು ಬ್ಲೇಡಿನಿಂದ ಕೆರೆದು ಅಲ್ಲಿ ವಾರ್ಡಿನ ಸಂಖ್ಯೆ ಬರೆಯಿಸಿದರು. ಆ ಹೆಸರುಗಳ ಕೆರೆದ ಪುಡಿಯನ್ನು ಅವಳು ಮೇಜಿನಿಂದ ಬಾಯಲ್ಲಿ ಊದಿ ಬಿಸಾಡಿದ್ದಾಳೆ. ಇತಿಹಾಸದ ಪುಸ್ತಕಕ್ಕೆ ಇದೆಲ್ಲ ಸಹಜ.

ನಲವತ್ತೊಂದನೇ ಹಾಳೆ ಅವಳ ಮೇಜಿಗೆ ಬಂದಾಗ ಅವಳಿಗೆ ಮೂವತ್ತೊಂದು. ಎಂದಿನಂತೆ ನೀರು ಮೊದಲು. ಸೂಜಿ ಹಿಡಿದು ಕೆರೆಯ ದಂಡೆಗೆ ಚುಚ್ಚುತ್ತ ಹೋದಳು. ತಿರುವು, ಮತ್ತೆ ತಿರುವು. ಒಂಬತ್ತನೆಯದಕ್ಕೆ ಬಂದಾಗ ಕೈ ನಿಧಾನವಾಯಿತು. ಹನ್ನೆರಡನೆಯದರಲ್ಲಿ ದಂಡೆ ಒಳಕ್ಕೆ ಬಾಗಿತ್ತು, ಪಕ್ಕದಲ್ಲಿ ಹಳೆಯ ಅಕ್ಷರದಲ್ಲಿ 'ಹೂಳು' ಎಂದು ಬರೆದಿತ್ತು. ಹದಿನೇಳಕ್ಕೆ ಸುತ್ತು ಮುಗಿಯಿತು. ಅಪ್ಪ ನಡೆದ ದಂಡೆ. ಆ ಮಧ್ಯಾಹ್ನ ಅವಳು ಬುತ್ತಿ ಬಿಚ್ಚಲಿಲ್ಲ.

ಮಸಿ ಹಾಕುವ ಮೊದಲು ಚುಚ್ಚಿದ ಹಾಳೆಯನ್ನು ಮೇಲಧಿಕಾರಿಗೆ ತೋರಿಸಬೇಕು. ಅವನು ಹಳೆಯದಕ್ಕೆ ತಾಳೆ ನೋಡಿ ಹೊಸದರ ಹಿಂಬದಿಗೆ ಸಹಿ ಹಾಕಬೇಕು. ಆಗ ಹೊಸದಾಗಿ ಬಂದಿದ್ದ ಉಪನಿರ್ದೇಶಕರು, ಆಮೇಲೆ ನಿರ್ದೇಶಕರಾಗಿ, ಆಮೇಲೆ ಸಮಿತಿಗಳ ಅಧ್ಯಕ್ಷರಾಗಿ, ಈಗ ಆ ದಪ್ಪ ಪುಸ್ತಕದ ಸಂಪಾದಕರಾಗಿರುವವರು, ಕಚೇರಿಯ ಬಾಯಲ್ಲಿ ಇಂದಿಗೂ 'ದೊಡ್ಡ ಸಾಹೇಬರು'. ಅವರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು, ಹಿಂಬದಿಗೆ ಸಹಿ ಹಾಕಿದರು, ದಿನಾಂಕ ಬರೆದರು. ಆಮೇಲೆ ಕೆರೆಯ ಜಾಗದ ಮೇಲೆ ಬೆರಳಿಟ್ಟರು.

"ಇದು ಒಣಗಿದೆಯಲ್ಲ?"

"ಬೇಸಿಗೇಲಿ ಒಣಗುತ್ತೆ ಸಾರ್. ಕೆರೆ ಅಲ್ವಾ."

"ಒಣಗಿದ್ದನ್ನ ಕೆರೆ ಅಂತ ಯಾಕೆ ಬರೀಬೇಕು? ಖಾಲಿ ಜಾಗ ಅಂತ ಬಿಡಿ. ತೂತು ಮುಚ್ಚಿಬಿಡಿ."

ಮಸಿ ಮೇಷ್ಟ್ರು ಇದ್ದಿದ್ದರೆ ಒಂದು ಮಾತಾಡುತ್ತಿದ್ದರೇನೋ. ಅವರು ಹೋಗಿ ಎರಡು ವರ್ಷವಾಗಿತ್ತು. ಸೂಜಿಯಕ್ಕನ ಬಾಯಿಯ ಸೂಜಿ ಆ ದಿನ ಎಲ್ಲಿ ಹೋಯಿತೋ. ಮನೆಯಲ್ಲಿ ಅಮ್ಮ, ಮದುವೆಯಾಗಬೇಕಾದ ತಂಗಿ, ಅನುಕಂಪದ ಕೆಲಸ. "ಆಗ್ಲಿ ಸಾರ್" ಅಂದಳು. ಆ ಎರಡು ಪದಗಳನ್ನು ನೆನೆದು ಅವಳು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡದ್ದುಂಟು. ಕೆರೆಗೆ ನೀಲಿ ಹಾಕಲಿಲ್ಲ. 'ಖಾಲಿ ಜಾಗ' ಎಂದು ದುಂಡಗೆ ಬರೆದಳು. ಅಂಚಿನಲ್ಲಿ ತನ್ನ ಸಹಿ, ದಿನಾಂಕ ಹಾಕಿದಳು. ತೂತುಗಳನ್ನು ಮಾತ್ರ ಮುಚ್ಚಲಿಲ್ಲ. ಉಗುರು ಹಿಡಿದು ಕೂತವಳಿಗೆ ಕೈ ಬರಲಿಲ್ಲ. ಅವಳ ಕೈಲಾದ ದಂಗೆ ಅಷ್ಟೇ. ಹಾಳೆಯ ಬೆನ್ನಿಗೆ ಬಟ್ಟೆ ಅಂಟಿಸಿದರೆ ಅದೂ ಮುಚ್ಚಿಹೋಗುತ್ತಿತ್ತು. ಆದರೆ ಬಟ್ಟೆ ಅಂಟಿಸುವುದು ದಂಡದ ಖರ್ಚೆಂದು ದೊಡ್ಡ ಸಾಹೇಬರೇ ಆ ವರ್ಷ ನಿಲ್ಲಿಸಿದ್ದರು. ಹೆಚ್ಚು ದಿನ ಕಳೆಯುವ ಮೊದಲೇ ಹಳೆಯ ಮೂಲ ನಕ್ಷೆ, ಕಚೇರಿ ಹೊಸ ಕಟ್ಟಡಕ್ಕೆ ಸಾಗುವಾಗ, ಗೆದ್ದಲು ಹಿಡಿದ ಕಂತೆಯೊಂದಿಗೆ ಕಾಣೆಯಾಯಿತು.

ಇನ್ನು ಆ ಎರಡನೆಯ ಉರಿ.

ಹನ್ನೆರಡು ವರ್ಷ ಕಳೆದಿತ್ತು. ತಂಗಿಗೆ ಮದುವೆಯಾಗಿತ್ತು, ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಇಸ್ತ್ರಿಯ ಕೆಲಸ. ಗಂಡ ದರ್ಜಿ, ಮಾತಿಗಿಂತ ನಗು ಹೆಚ್ಚು. ಇಬ್ಬರೂ ಒಂದು ಭಾನುವಾರ ಬಂದು, ನೆಲದ ಮೇಲೆ ಬಡಾವಣೆಯ ನಕ್ಷೆ ಹಾಸಿದರು. ತಂಗಿಯ ಮುಖ ಬೆಳಗುತ್ತಿತ್ತು. "ನೋಡಕ್ಕ, ಮೂಲೆ ಸೈಟು. ನಕ್ಷೆ ಬರೆಯೋ ಅಕ್ಕ ಇರೋವಾಗ ನಾವ್ಯಾಕೆ ಬೇರೆಯವರನ್ನ ಕೇಳ್ಬೇಕು? ಜಾಗ ಸರಿ ಇದೆಯಾ ಹೇಳು."

ನಕ್ಷೆಯ ಮೂಲೆಯಲ್ಲಿ ಹಾಳೆ ಸಂಖ್ಯೆ ನಲವತ್ತೊಂದು ಎಂದಿತ್ತು. ಸೂಜಿಯಕ್ಕ ಆ ಸಂಖ್ಯೆಯನ್ನು ಎರಡು ಸಲ ಓದಿದಳು. ಹೇಳಬೇಕು. ಹೇಳಿದರೆ, ನೀನೇಕೆ ಬಿಟ್ಟೆ ಎನ್ನುತ್ತಾಳೆ. ಅಲ್ಲಿ ಆಗಲೇ ಇನ್ನೂರು ಮನೆ ಎದ್ದಿವೆ, ಹನ್ನೆರಡು ಮಳೆಗಾಲ ಕಳೆದಿವೆ, ಏನೂ ಆಗಿಲ್ಲ. ಏನೂ ಆಗಲಿಕ್ಕಿಲ್ಲ. ಆಗಲಿಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡು, ನಕ್ಷೆಯ ಮೇಲೆ ಬೆರಳಾಡಿಸಿ, "ಸಹಿ, ಮೊಹರು ಎಲ್ಲ ಸರಿ ಇದೆ" ಅಂದಳು. ಅದು ಸುಳ್ಳೂ ಅಲ್ಲ ನೋಡಿ. ಕಚೇರಿಯಲ್ಲಿ ಇಪ್ಪತ್ತನಾಲ್ಕು ವರ್ಷ ಕಳೆದವಳಿಗೆ ಸುಳ್ಳು ಹೇಳದೆ ಮೋಸ ಮಾಡುವುದು ಚೆನ್ನಾಗಿ ಬರುತ್ತಿತ್ತು. ತಂಗಿಯ ಗಂಡ, "ಅಕ್ಕ ಹೇಳಿದ್ಮೇಲೆ ಮುಗೀತು ಬಿಡು" ಎಂದು ನಕ್ಷೆ ಮಡಚಿದ.

ಮನೆ ಕಟ್ಟಿದರು. ಕೆಳಗೆ ಹೊಲಿಗೆಯ ಅಂಗಡಿ, ಮೇಲೆ ವಾಸ. ಮೂರು ವರ್ಷದ ಹಿಂದೆ ಅವನಿಗೆ ಪಾರ್ಶ್ವವಾಯು ಹೊಡೆದು, ಮೆಟ್ಟಿಲು ಹತ್ತಲಾಗದೆ, ಕೆಳಗಿನ ಅಂಗಡಿಯಲ್ಲೇ ಮಂಚ ಹಾಕಿದರು. ಕಳೆದ ಮಳೆಗಾಲದ ಆ ಬೆಳಿಗ್ಗೆ ತಂಗಿ ಅವನಿಗೆ ಗಂಜಿ ಕುಡಿಸಿ, ಬಾಗಿಲು ಎಳೆದುಕೊಂಡು ಆಸ್ಪತ್ರೆಗೆ ಹೋಗಿದ್ದಳು. ಹತ್ತು ಗಂಟೆಗೆ ನೀರು ಬಂತು. ಮೋರಿಯಿಂದಲ್ಲ, ಆಕಾಶದಿಂದಲೂ ಅಲ್ಲ, ನಾಲ್ಕೂ ಕಡೆಯ ಎತ್ತರದಿಂದ ಇಳಿದು, ತನ್ನ ಜಾಗಕ್ಕೆ ಬಂದು ಕೂತಿತು. ತಂಗಿ ಓಡಿ ಬಂದಾಗ ಬೀದಿಯ ತುದಿಯಲ್ಲಿ ಹಗ್ಗ ಕಟ್ಟಿ ಜನರನ್ನು ತಡೆದಿದ್ದರು. ಅಲ್ಲಿಂದ ಅವಳಿಗೆ ತನ್ನ ಮನೆಯ ಫಲಕ ಕಾಣುತ್ತಿತ್ತು, ಬಾಗಿಲು ಕಾಣುತ್ತಿರಲಿಲ್ಲ. ಮೂರು ಗಂಟೆ ಹಾಗೇ ನಿಂತಿದ್ದಳು. ಆಮೇಲೆ ಅಕ್ಕನ ಮನೆಗೆ ಬಂದಳು. ಅಂದಿನಿಂದ ಇಬ್ಬರೂ ಒಂದೇ ಮನೆಯಲ್ಲಿದ್ದರು. ಒಂದೇ ಲೋಟದ ಚಹಾವನ್ನು ಎರಡು ಮಾಡಿ ಕುಡಿಯುತ್ತಿದ್ದರು. ತಂಗಿ ಒಂದು ದಿನ, "ನಿಂಗೂ ಆವಾಗ ಗೊತ್ತಾಗ್ಲಿಲ್ಲ ಅಲ್ವಾಕ್ಕ, ನಿನ್ನನ್ನೂ ಮೋಸ ಮಾಡಿದ್ರು" ಅಂದಿದ್ದಳು. ಸೂಜಿಯಕ್ಕ ಪಾತ್ರೆ ಉಜ್ಜುತ್ತಿದ್ದಳು. ಆ ಪಾತ್ರೆಯನ್ನು ಅದರ ತಳ ಸವೆಯುವಷ್ಟು ಉಜ್ಜಿದಳು.

ಲಕೋಟೆ ಬಂದ ಮೂರನೇ ದಿನ ದೊಡ್ಡ ಸಾಹೇಬರು ತಾವೇ ಮನೆಗೆ ಬಂದರು. ತಂಗಿ ಕೆಲಸಕ್ಕೆ ಹೋಗಿದ್ದಳು, ಆ ಹೊತ್ತನ್ನು ವಿಚಾರಿಸಿಕೊಂಡೇ ಬಂದಿರಬೇಕು. ಒಳಗೆ ಬರುವಾಗ ಬಾಗಿಲಿಗೆ ಆನಿಸಿದ್ದ ತಮ್ಮ ಪುಸ್ತಕವನ್ನು ಕಂಡರು, ಕಾಣದವರಂತೆ ಕೂತರು. ಎಪ್ಪತ್ತು ದಾಟಿದ್ದರೂ ಶರಟಿನ ಮಡಿಕೆ ಕತ್ತಿಯ ಹಾಗಿತ್ತು.

"ನೋಡಮ್ಮ, ಇದನ್ನ ದೊಡ್ಡದು ಮಾಡೋದು ಬೇಡ. ವಯಸ್ಸಾಗಿದೆ, ನೆನಪಿಲ್ಲ, ಕಣ್ತಪ್ಪಿರಬಹುದು ಅಂತ ಹೇಳಿಬಿಡಿ. ನಿಮ್ಮ ಪಿಂಚಣಿಗೆ ಏನೂ ಆಗಲ್ಲ. ಅದು ನನ್ನ ಜವಾಬ್ದಾರಿ."

"ಕಣ್ತಪ್ಪು ಅಂತ ಆದ್ರೆ ಆ ಜನಕ್ಕೆ ಏನು ಸಿಗುತ್ತೆ ಸಾರ್?"

"ಪ್ರಕೃತಿ ವಿಕೋಪ ಅಂತ ಆಗುತ್ತೆ. ಪರಿಹಾರ ಅಂತ ಏನೋ ಕೊಡ್ತಾರೆ. ಅಲ್ಲೇ ಮತ್ತೆ ಕಟ್ಟಿಕೊಳ್ಳಲಿ."

"ಅಲ್ಲೇ."

"ಇನ್ನೆಲ್ಲಿ ಹೋಗ್ತಾರೆ?" ಸಾಹೇಬರು ಕನ್ನಡಕ ಒರೆಸಿಕೊಂಡರು. "ನೀವು ಬೇರೆ ಏನಾದ್ರೂ ಹೇಳೋಕೆ ಹೋದ್ರೆ, ಗೊತ್ತಿದ್ದೂ ಬಿಟ್ರಿ ಅಂತ ಆಗುತ್ತೆ. ನಿಮ್ಮ ತಂಗಿ ಜಾಗ ತಗೊಂಡಿದ್ದು ಯಾವ ವರ್ಷ? ಆಮೇಲೆ ತಾನೇ? ಆ ಹೆಣ್ಣುಮಗಳಿಗೆ ಇರೋದು ಈಗ ನೀವೊಬ್ಬರೇ. ಯೋಚನೆ ಮಾಡಿ."

ಹೀಗೆ ಒಬ್ಬ ಮನುಷ್ಯ ಇನ್ನೊಬ್ಬರ ಎದೆಯ ಗಾಯದ ಮೇಲೆ ಸರಿಯಾಗಿ ಬೆರಳಿಡುತ್ತಾನೆ. ಕೆರೆಯ ಮೇಲೆ ಇಟ್ಟದ್ದೂ ಅದೇ ಬೆರಳು. ಸೂಜಿಯಕ್ಕ ಚಹಾ ಬೇಕೇ ಎಂದು ಕೇಳಲಿಲ್ಲ. ಸಾಹೇಬರು ಹೋದ ಮೇಲೆ ಅವರು ಕೂತಿದ್ದ ಕುರ್ಚಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಳು.

ಮರುದಿನ ಕಚೇರಿಗೆ ಹೋಗಿ ದಾಖಲೆ ಕೋಣೆಯ ಹುಡುಗಿಯನ್ನು ಕೇಳಿದಳು. ಒಳ್ಳೆಯ ಹುಡುಗಿ, ಕಂಪ್ಯೂಟರಿನಲ್ಲಿ ನಲವತ್ತೊಂದನೇ ಹಾಳೆ ತೆಗೆದು ತೋರಿಸಿದಳು. ಪರದೆಯ ಮೇಲೆ ಬೆಳ್ಳಗೆ, ನುಣ್ಣಗೆ, 'ಖಾಲಿ ಜಾಗ'. ಎಷ್ಟು ದೊಡ್ಡದು ಮಾಡಿದರೂ ಮಸಿ ಕಂಡಿತೇ ಹೊರತು ತೂತು ಕಾಣಲಿಲ್ಲ. ಮೂಲ ಹಾಳೆ ಕೊಡಲು ಮೇಲಿನವರ ಅಪ್ಪಣೆ ಬೇಕು. ಅಪ್ಪಣೆ ಸಿಗಲಿಲ್ಲ. ಮನೆಗೆ ಬರುವ ಬಸ್ಸಿನಲ್ಲಿ ಸೂಜಿಯಕ್ಕನಿಗೆ ಸಿಟ್ಟಿನಲ್ಲಿ ಅಳು ಬಂತು. ಹಾಳೆ ಇಲ್ಲದೆ ಅವಳ ಮಾತು ಮುದುಕಿಯೊಬ್ಬಳ ಗೊಣಗಾಟ. ಅವರಿಗೆ ಬೇಕಾದದ್ದೂ ಅದೇ. ಒಂದು ಕ್ಷಣ, ನಾಚಿಕೆಯ ಮಾತು, ಅವಳಿಗೆ ಹಾಯೆನ್ನಿಸಿತು. ಹಾಳೆ ಇಲ್ಲ, ಆದ್ದರಿಂದ ಹೇಳಿ ಫಲವಿಲ್ಲ, ಆದ್ದರಿಂದ ತಂಗಿಗೆ ತಿಳಿಯುವುದೂ ಇಲ್ಲ. ಆ ಹಾಯನ್ನು ಗುರುತಿಸಿದ ಮೇಲೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ವಿಚಾರಣೆ ಒಂದು ಹಳೆಯ ಸಭಾಂಗಣದಲ್ಲಿ ನಡೆಯಿತು. ಎತ್ತರದ ಕಿಟಕಿಗಳು, ಕಬ್ಬಿಣದ ಕುರ್ಚಿಗಳು. ಮುಂದೆ ನ್ಯಾಯಮೂರ್ತಿಗಳು, ಪಕ್ಕದಲ್ಲಿ ಬೆರಳಚ್ಚಿನವಳು, ಎದುರಿಗೆ ಇಲಾಖೆಯ ವಕೀಲ. ಹಿಂದಿನ ಕುರ್ಚಿಗಳಲ್ಲಿ ಬಡಾವಣೆಯ ಜನ. ತಂಗಿ ಮೊದಲ ಸಾಲಿನಲ್ಲಿ, ತೊಡೆಯ ಮೇಲೆ ಚೀಲವಿಟ್ಟುಕೊಂಡು ಕೂತಿದ್ದಳು. ದೊಡ್ಡ ಸಾಹೇಬರೂ ಬಂದಿದ್ದರು, ಗೋಡೆ ಪಕ್ಕದಲ್ಲಿ.

ವಕೀಲ ಚುರುಕಿನವನು. ಪರದೆಯ ಮೇಲೆ ನಕ್ಷೆ ತೋರಿಸಿ, ಈ ಬರವಣಿಗೆ ತಮ್ಮದೇ ಎಂದು ಕೇಳಿದ. ಅವಳು ಹೌದೆಂದಳು. ಸಹಿ ಎಲ್ಲಿದೆ ಎಂದು ನ್ಯಾಯಮೂರ್ತಿಗಳು ಕೇಳಿದರು. ಪರದೆಯ ನಕ್ಷೆಯಲ್ಲಿ ಸಹಿ ಇರಲಿಲ್ಲ. ಕಂಪ್ಯೂಟರಿಗೆ ಏರಿಸಿದವರು ಅಂದಕ್ಕೆಂದು ಅಂಚನ್ನೆಲ್ಲ ಕತ್ತರಿಸಿದ್ದರು. ವಕೀಲ ಅದಕ್ಕೂ ಸಿದ್ಧನಾಗಿ ಬಂದಿದ್ದ. ಅವಳ ತಪ್ಪನ್ನು ಅವಳ ತಲೆಗೇ ಕಟ್ಟಲು ಮೂಲ ಹಾಳೆಯನ್ನೇ ಉದ್ದನೆಯ ಕೊಳವೆಯಿಂದ ತೆಗೆದು, ಮೇಜಿನ ಮೇಲೆ ಬಿಡಿಸಿ, ಅಂಚಿನ ಸಹಿಗೆ ಬೆರಳು ತೋರಿಸಿದ. ಸೂಜಿಯಕ್ಕ ಆ ಹಾಳೆಯನ್ನು ಮೂವತ್ತೇಳು ವರ್ಷದ ಮೇಲೆ ನೋಡುತ್ತಿದ್ದಳು. ಅಂಚು ಹಳದಿಯಾಗಿತ್ತು, ಮಸಿ ಒಂದಿಷ್ಟೂ ಮಾಸಿರಲಿಲ್ಲ.

"ಹಾಗಾದ್ರೆ ಇದು ಕಣ್ತಪ್ಪು ಅಂತ ಬರ್ಕೋಬಹುದಾ?" ಎಂದ ವಕೀಲ, ಮೆತ್ತಗೆ.

ಅವಳು ತಂಗಿಯ ಕಡೆ ನೋಡಿದಳು. ತಂಗಿ ಪಾಪ, ಹೆದರಬೇಡ ಎಂಬಂತೆ ಕತ್ತು ಆಡಿಸಿದಳು. ಆ ಕತ್ತು ಆಡಿಸಿದ್ದನ್ನು ಸೂಜಿಯಕ್ಕ ಇನ್ನು ಇರುವಷ್ಟು ದಿನ ಮರೆಯುವಂತಿಲ್ಲ. "ಕಣ್ತಪ್ಪು ಅಲ್ಲ" ಎಂದಳು. "ಸ್ವಾಮಿ, ಆ ಹಾಳೆನ ಕಿಟಕಿಗೆ ಹಿಡೀಬೇಕು."

ವಕೀಲ ಎದ್ದು ಏನೋ ಅಡ್ಡ ಹಾಕಿದ. ನ್ಯಾಯಮೂರ್ತಿಗಳು ಕೈ ಸನ್ನೆಯಿಂದ ಅವನನ್ನು ಕೂರಿಸಿ, ತಾವೇ ಎದ್ದು ಬಂದರು. ಹಾಳೆಯ ಎರಡು ತುದಿಯನ್ನು ಜವಾನನೂ ಸೂಜಿಯಕ್ಕನೂ ಹಿಡಿದು ಬಿಸಿಲು ಬೀಳುವ ಕಿಟಕಿಗೆ ಒಡ್ಡಿದರು. ದಾರಿ ಕಂಡವು, ಮನೆ ಕಂಡವು, ಎಲ್ಲ ಕಪ್ಪು ಗೆರೆ. ಅವುಗಳ ನಡುವೆ, 'ಖಾಲಿ ಜಾಗ' ಎಂಬ ದುಂಡನೆಯ ಅಕ್ಷರಗಳ ಸುತ್ತ, ಬೆಳಕಿನ ಸಣ್ಣ ಸಣ್ಣ ಚುಕ್ಕೆಗಳ ಒಂದು ಸುತ್ತು ಕಾಣಿಸಿತು. ದೊಡ್ಡದೊಂದು ಕೆರೆ, ದಂಡೆಯ ಒಂದು ತಿರುವೂ ಬಿಡದಂತೆ. ಸಭಾಂಗಣದಲ್ಲಿ ಕುರ್ಚಿಗಳು ಕಿರುಗುಟ್ಟಿದವು, ಹಿಂದಿನವರು ಎದ್ದು ನಿಂತರು.

"ಮೊದಲು ಚುಚ್ಚೋದು, ಆಮೇಲೆ ಮಸಿ" ಎಂದಳು ಸೂಜಿಯಕ್ಕ. "ಇವನ್ನ ಚುಚ್ಚಿದ್ದು ನಾನು, ಮೂಲ ನಕ್ಷೆ ಮೇಲಿಟ್ಟು. ಮಸಿ ಹಾಕಬೇಡ, ತೂತು ಮುಚ್ಚು ಅಂದವರು ಅಲ್ಲಿ ಗೋಡೆ ಪಕ್ಕ ಕೂತಿದ್ದಾರೆ. ಹಾಳೆ ತಿರುಗಿಸಿ. ಹಿಂದೆ ಅವರ ಸಹಿ ಇದೆ."

ತಿರುಗಿಸಿದರು. 'ಮೂಲದೊಂದಿಗೆ ತಾಳೆ ನೋಡಿದೆ, ಸರಿಯಿದೆ.' ಸಹಿ, ದಿನಾಂಕ. ಮುಂಬದಿಯ ಅಂಚಿನಲ್ಲಿದ್ದ ಅವಳ ಸಹಿಗಿಂತ ಒಂಬತ್ತು ದಿನ ಮೊದಲಿನದು, ಅಂದರೆ ಮಸಿ ಬೀಳುವ ಮೊದಲು, ತೂತು ನೋಡಿಯೇ ಹಾಕಿದ್ದು. ದೊಡ್ಡ ಸಾಹೇಬರು ಎದ್ದರು. ಬಾಗಿಲ ಕಡೆ ಹೊರಟವರು ಬಾಗಿಲಲ್ಲಿ ಬಡಾವಣೆಯ ಗಂಡಸರು ನಿಂತಿದ್ದುದನ್ನು ಕಂಡು ಮತ್ತೆ ಬಂದು ಕೂತರು. ಅಷ್ಟು ವರ್ಷ ಕಾದದ್ದಕ್ಕೆ ಸೂಜಿಯಕ್ಕನಿಗೆ ಸಿಕ್ಕಿದ ಸಂತೋಷ ಅದೊಂದೇ, ಅದೂ ಕಣ್ಣುಮುಚ್ಚಿ ತೆರೆಯುವಷ್ಟು ಹೊತ್ತು.

ಏಕೆಂದರೆ ತಂಗಿ ಎದ್ದು ಕಿಟಕಿಯ ಬಳಿ ಬಂದಿದ್ದಳು. ಯಾರೂ ಅವಳನ್ನು ತಡೆಯಲಿಲ್ಲ. ಹಾಳೆಗೆ ಮುಖ ಹತ್ತಿರ ತಂದು, ಚುಕ್ಕೆಗಳ ಮೇಲೆ ತೋರುಬೆರಳನ್ನು ನಿಧಾನವಾಗಿ ನಡೆಸಿದಳು. ತಿರುವು ಬಂದಲ್ಲೆಲ್ಲ ಎಡಗೈಯ ಒಂದೊಂದು ಬೆರಳು ಮಡಚಿದಳು, ಐದಾದ ಮೇಲೆ ಒಂದೊಂದೇ ಬಿಡಿಸಿದಳು. ತುಟಿ ಅಲ್ಲಾಡುತ್ತಿತ್ತು. ಹತ್ತು ಆಯಿತು. ಅಕ್ಕನ ಬೆರಳು ಕೇಳಲಿಲ್ಲ, ತನ್ನ ಬೆರಳನ್ನೇ ಮತ್ತೆ ಮಡಚಿದಳು. ಹನ್ನೆರಡರಲ್ಲಿ ಒಂದು ಕ್ಷಣ ನಿಂತಳು.

"ಹದಿನೇಳು" ಎಂದಳು. "ಅಪ್ಪನ ಕೆರೆ."

"ಹೂಂ."

"ನಮ್ಮ ಮನೆ ಎಲ್ಲಿ ಬರುತ್ತೆ ಇದರಲ್ಲಿ?"

ಸೂಜಿಯಕ್ಕ ತೋರಿಸಿದಳು. ಹನ್ನೆರಡನೇ ತಿರುವಿನ ಒಳಗೆ. ಅಪ್ಪ ಹೂತುಹೋಗಿದ್ದ ಜಾಗ. ತಂಗಿ ಅಲ್ಲಿಯೇ ನೋಡುತ್ತಿದ್ದಳು. ಹಾಳೆ ಹಿಡಿದ ಅಕ್ಕನ ಕೈ ಸೋತು ಬರುತ್ತಿತ್ತು, ಆದರೂ ಇಳಿಸಲಿಲ್ಲ.

"ನಾನೂ ಅವರೂ ಬಂದು ನೆಲದ ಮೇಲೆ ನಕ್ಷೆ ಹಾಸಿ ಕೇಳಿದ್ವಲ್ಲ ಅಕ್ಕ. ಆವತ್ತು ನಿಂಗೆ ಇದು ಗೊತ್ತಿತ್ತಾ?"

"ಗೊತ್ತಿತ್ತು."

ಬೆರಳಚ್ಚಿನವಳ ಕೈ ನಿಂತಿತು. ಇದು ಸಾಕ್ಷಿಯೋ, ಮನೆಯ ಮಾತೋ ತಿಳಿಯದೆ ಅವಳು ನ್ಯಾಯಮೂರ್ತಿಗಳ ಮುಖ ನೋಡಿದಳು. ಅವರು ಏನೂ ಹೇಳುವ ಮೊದಲೇ ತಂಗಿ ಅವಳ ಕಡೆ ತಿರುಗಿದಳು.

"ಅದನ್ನೂ ಬರ್ಕೊಳ್ಳಿ" ಎಂದಳು.

ಆಮೇಲೆ ತನ್ನ ಚೀಲ ಎತ್ತಿಕೊಂಡು, ಅಕ್ಕನ ಪಕ್ಕದ ಕುರ್ಚಿಗಲ್ಲ, ಹಿಂದೆ ಬಡಾವಣೆಯವರ ನಡುವೆ ಹೋಗಿ ಕೂತಳು. ಸೂಜಿಯಕ್ಕ ಹಾಳೆಯನ್ನು ಜವಾನನಿಗೆ ಕೊಟ್ಟು, ಕುರ್ಚಿಗೆ ಬಂದು, ಆ ಭಾನುವಾರದ ತಿಂಗಳು ಮತ್ತು ವರ್ಷ, ತಂಗಿ ಕೇಳಿದ ಮಾತು, ತಾನು ಕೊಟ್ಟ ಉತ್ತರ, ಎಲ್ಲವನ್ನೂ ಬೆರಳಚ್ಚಿನವಳಿಗೆ ಬಿಟ್ಟುಹೋಗದಂತೆ, ಒಂದೊಂದೇ ಪದ ಬಿಡಿಸಿ ಹೇಳತೊಡಗಿದಳು.